ಹಿರಿಯರಿಗೆ ತಕ್ಕ ಟೆಲಿವಿಷನ್

ಮನೆಗೊಂದು ಟೆಲಿವಿಷನ್ ಕೊಳ್ಳುವುದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ಮಿತ್ರರು ನಗಬಹುದು. ಸಾಹಿತ್ಯ, ಸಮಾಜಸೇವೆ, ವಿದ್ಯಾರ್ಥಿಗಳ ಶಿಸ್ತು ಮೊದಲಾದ ಘನ ವಿಷಯಗಳ ನಡುವೆ ಇದೊಂದು ಅಂಗಡಿಯ ಮಾತು ಎಂದು ತೋರುವುದೂ ಸಹಜವೇ. ಆದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಇದ್ದಾರೆ. ನಾವು ತರಗತಿಯಲ್ಲಿ ಕುಳಿತಿರುವ ಇಷ್ಟು ಹೊತ್ತೂ ಅವರು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಆ ಹೊತ್ತಿನಲ್ಲಿ ಅವರೊಡನೆ ಮಾತನಾಡುವ ವಸ್ತು ಒಂದೇ ಒಂದು, ಅದು ಟೆಲಿವಿಷನ್. ಅದನ್ನು ಆರಿಸುವವರು ಮಾತ್ರ ಅವರಲ್ಲ, ನಾವು. ಈ ಆಯ್ಕೆಯಲ್ಲಿ ನಾವು ಮಾಡುವ ಒಂದು ತಪ್ಪಿನ ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಆ ತಪ್ಪನ್ನು ನಾನೂ ಮಾಡಿದವರಲ್ಲಿ ಒಬ್ಬನಾದುದರಿಂದ ಇದನ್ನು ಉಪದೇಶವೆಂದು ಯಾರೂ ಭಾವಿಸಬಾರದಾಗಿ ವಿನಂತಿ.

ನಮ್ಮ ಮನೆ ಇರುವುದು ಕೊಡಿಯಾಲ್‌ಬೈಲಿನಲ್ಲಿ. ಬೈಲು ಎಂದರೆ ಗದ್ದೆಯ ಬಯಲು. ಈಗ ಆ ಬೈಲು ಹೆಸರಿನಲ್ಲಿ ಮಾತ್ರ ಉಳಿದಿದೆ. ಸುತ್ತಲೂ ಎತ್ತರದ ಕಟ್ಟಡಗಳು ಎದ್ದಿವೆ. ಅವುಗಳ ನಡುವೆ ನಮ್ಮದೊಂದು ಹಂಚಿನ ಮಾಡಿನ ಮನೆ ಹೇಗೋ ನಿಂತುಕೊಂಡಿದೆ. ಹಿಂದೆ ಮಧ್ಯಾಹ್ನ ಊಟವಾದ ಮೇಲೆ ನೆರೆಯ ಹೆಂಗಸರು ನಮ್ಮ ಜಗಲಿಗೆ ಬಂದು ಕುಳಿತುಕೊಳ್ಳುತ್ತಿದ್ದರಂತೆ. ಈಗ ನೆರೆಯವರೆಂದರೆ ಮುಚ್ಚಿದ ಬಾಗಿಲುಗಳು. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ನಾನು ಕಾಲೇಜಿಗೆ ಬರುತ್ತೇನೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎಪ್ಪತ್ತೆಂಟು ವರ್ಷದ ನನ್ನ ಅಜ್ಜಿಗೆ ಟೆಲಿವಿಷನ್ ಒಂದೇ ಜೊತೆ.

ಕಳೆದ ವರ್ಷ ಬಿಸು ಹಬ್ಬದ ಹೊತ್ತಿಗೆ ನಮ್ಮ ಹಳೆಯ ಟೆಲಿವಿಷನ್ ಕೆಟ್ಟಿತು. ಮಸ್ಕತ್ತಿನಲ್ಲಿರುವ ನನ್ನ ಸೋದರಮಾವ ಅಲ್ಲಿಂದಲೇ ಹಣ ಕಟ್ಟಿ, 55 ಇಂಚಿನ ಹೊಸ ಸ್ಮಾರ್ಟ್ ಟೆಲಿವಿಷನ್ ಒಂದನ್ನು ಮನೆಬಾಗಿಲಿಗೆ ಕಳುಹಿಸಿಕೊಟ್ಟರು. ಯಾವುದು ಒಳ್ಳೆಯದೆಂದು ಅವರಿಗೆ ಹೇಳಿದವನು ನಾನೇ. ಅದರ ಪರದೆಯ ವೈಭವವನ್ನು ಕಂಡು ನಾವೆಲ್ಲ ಹಿಗ್ಗಿದೆವು. ಅಜ್ಜಿಯೂ ಮಗನ ಉಡುಗೊರೆ ಎಂದು ಸಂತೋಷಪಟ್ಟರು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಅವರು ಟೆಲಿವಿಷನ್ ನೋಡುವುದನ್ನು ಕಡಿಮೆ ಮಾಡಿದರು. ಕೇಳಿದರೆ, "ಕಣ್ಣು ಉರಿಯುತ್ತದೆ ಮಗಾ" ಎನ್ನುತ್ತಿದ್ದರು. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾದೆವು.

ಜುಲೈ ತಿಂಗಳ ಒಂದು ದಿನ ಮಳೆ ಜೋರಾಗಿ ಕಾಲೇಜನ್ನು ಮಧ್ಯಾಹ್ನಕ್ಕೇ ಬಿಟ್ಟರು. ನಾನು ಮನೆಗೆ ಬಂದಾಗ ಅಜ್ಜಿ ಕುರ್ಚಿಯಲ್ಲಿ ಕುಳಿತು ಪರದೆಯನ್ನು ನೋಡುತ್ತಿದ್ದರು. ಪರದೆಯಲ್ಲಿ ಯಾವುದೋ ಪರದೇಶದ ಹಿಮದ ಬೆಟ್ಟ. ಸ್ವಲ್ಪ ಹೊತ್ತಿಗೆ ಅದು ಹೋಗಿ ಒಂದು ಸರೋವರ ಬಂತು. ಶಬ್ದವಿಲ್ಲ.

"ಎಂತ ನೋಡುವುದು ಅಜ್ಜಿ?" ಎಂದೆ.

"ಎಂತದೋ ಬೆಟ್ಟ ಬರುತ್ತಾ ಉಂಟು. ಕರೆಂಟು ಹೋಗಿ ಬಂದ ಮೇಲೆ ಹೀಗೆಯೇ. ಒತ್ತಿದರೆ ಹಾಳಾದೀತು, ಅಷ್ಟು ಹಣದ್ದು, ಎಂದು ಬಿಟ್ಟೆ" ಎಂದರು.

ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಹನ್ನೊಂದು ಗಂಟೆಗೆ ಕರೆಂಟು ಹೋಗಿತ್ತಂತೆ. ಆಗ ಒಂದೂವರೆ ಆಗಿತ್ತು. ಮೊದಮೊದಲು ಇಂಥ ಸಮಯದಲ್ಲಿ ಎದುರಿನ ಕಟ್ಟಡದ ಹುಡುಗನನ್ನು ಕರೆಯುತ್ತಿದ್ದರಂತೆ. ಮೂರು ಸಲ ಕರೆದ ಮೇಲೆ ನಾಚಿಕೆಯಾಯಿತಂತೆ. ಕಣ್ಣು ಉರಿಯುವ ಮಾತು ಬಂದದ್ದು ಅಲ್ಲಿಂದ. ಉರಿ ಕಣ್ಣಿನದಾಗಿರಲಿಲ್ಲ. ತನ್ನ ಮನೆಯಲ್ಲಿಯೇ ಒಂದು ಗುಂಡಿ ಒತ್ತಲು ಇನ್ನೊಬ್ಬರ ಅಪ್ಪಣೆಗೆ ಕಾಯಬೇಕಾಗಿ ಬಂದ ಸಂಕಟ ಅದು. ಆ ಯಂತ್ರವನ್ನು ಮಾಡಿದ ಕಂಪೆನಿಯ ಹೆಸರು ಇಲ್ಲಿ ಬೇಡ. ತಪ್ಪು ಯಂತ್ರದ್ದಲ್ಲ, ಆರಿಸಿದ ನನ್ನದು.

ಟೆಲಿವಿಷನ್ ಎಂಬುದು ಹಿರಿಯರಿಗೆ ಹೊಸ ವಸ್ತು, ಆದುದರಿಂದ ಅವರಿಗೆ ತಿಳಿಯುವುದಿಲ್ಲ ಎಂದು ನಾವು ಹೇಳುವುದುಂಟು. ಇದು ಸರಿಯಲ್ಲ. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1976ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. 1987-88ರಲ್ಲಿ ಭಾನುವಾರ ಬೆಳಗ್ಗೆ 'ರಾಮಾಯಣ' ಬರುತ್ತಿದ್ದಾಗ ಅದನ್ನು ಹಾಕಿ ನೋಡಿದವರು ಈ ಹಿರಿಯರೇ ಅಲ್ಲವೆ? ನಾವು ಹುಟ್ಟುವುದಕ್ಕೆ ಬಹಳ ಮೊದಲೇ ಅವರು ಟೆಲಿವಿಷನ್ ನಡೆಸುವುದನ್ನು ಬಲ್ಲವರಾಗಿದ್ದರು. ಅಂದಿನ ಪೆಟ್ಟಿಗೆಗೆ ಒಂದು ತಿರುಪು ಶಬ್ದಕ್ಕೆ, ಒಂದು ಬೆಳಕಿಗೆ, ಹಚ್ಚುವುದಕ್ಕೆ ಒಂದು ಗುಂಡಿ. ಮುಂದೆ ಕೇಬಲ್ ಬಂತು. 1995ರ ಕೇಬಲ್ ಟೆಲಿವಿಷನ್ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ, 2012ರಿಂದ 2017ರವರೆಗೆ ಹಂತಹಂತವಾಗಿ ಎಲ್ಲ ಕೇಬಲ್ ಮನೆಗಳಿಗೂ ಸೆಟ್‌ಟಾಪ್ ಬಾಕ್ಸ್ ಬಂತು. ಒಂದು ರಿಮೋಟಿದ್ದಲ್ಲಿ ಎರಡಾದವು. ಈಗ ಸ್ಮಾರ್ಟ್ ಟೆಲಿವಿಷನ್ನಿನಲ್ಲಿ ವಾಹಿನಿಯನ್ನು ಕಾಣುವ ಮೊದಲು ದಾಟಬೇಕಾದ ಚಿತ್ರಗಳ ಸಾಲು ಬೇರೆ. ಹಿರಿಯರ ಬುದ್ಧಿ ಕಡಿಮೆಯಾದದ್ದಲ್ಲ. ಅವರಿಗೂ ಅವರ ವಾರ್ತೆಗೂ ನಡುವಿನ ಮೆಟ್ಟಿಲು ಹೆಚ್ಚಾದದ್ದು.

ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ತುಷ್ಟಿಗುಣದ ಪಾಠವನ್ನು ಓದುತ್ತೇವೆ. ವಸ್ತುವಿನ ತುಷ್ಟಿಗುಣವು ವಸ್ತುವಿನಲ್ಲಿ ಇರುವುದಲ್ಲ, ಅದನ್ನು ಬಳಸುವವನ ಅಗತ್ಯವನ್ನು ಅವಲಂಬಿಸಿದ್ದು ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತೇವೆ. ಅಂಗಡಿಗೆ ಹೋದಾಗ ಮಾತ್ರ ಅದನ್ನು ಮರೆತು, ಅಜ್ಜಿಗಾಗಿ ಕೊಳ್ಳುವ ವಸ್ತುವನ್ನು ನಮ್ಮ ಕಣ್ಣಿನಿಂದ ಅಳೆಯುತ್ತೇವೆ. ನನ್ನ ಅಭಿಪ್ರಾಯವಿಷ್ಟೆ: ಹಿರಿಯರಿಗಾಗಿ ಕೊಳ್ಳುವ ಟೆಲಿವಿಷನ್‌ಗೆ ಒಂದೇ ಒಂದು ಮುಖ್ಯ ಪರೀಕ್ಷೆ. ಮನೆಯಲ್ಲಿ ಬೇರಾರೂ ಇಲ್ಲದಾಗ, ಯಾರನ್ನೂ ಕರೆಯದೆ, ಅವರು ಅದನ್ನು ಹಚ್ಚಿ, ತಮಗೆ ಬೇಕಾದುದನ್ನು ಹಾಕಿ, ಸ್ಪಷ್ಟವಾಗಿ ಕೇಳಿ, ಆರಿಸಲು ಸಾಧ್ಯವೇ? ಉಳಿದ ಗುಣಗಳೆಲ್ಲ ಇದರ ಅನಂತರ.

ಈ ಪರೀಕ್ಷೆಯನ್ನು ಬಿಡಿಸಿ ನೋಡಿದರೆ ಮೊದಲು ಬರುವುದು ಕಿವಿ. ಟೆಲಿವಿಷನ್ ಎಂದರೆ ಕಣ್ಣಿನ ವಸ್ತು ಎಂದು ತಿಳಿದು ನಾವು ಪರದೆಯನ್ನೇ ನೋಡುತ್ತೇವೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಯ ಧ್ವನಿಗಳನ್ನು. ಮಾತಿನಲ್ಲಿ ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಇರುವುದು ಆ ಭಾಗದಲ್ಲಿ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಕರಗಿಹೋಗುತ್ತವೆ. ಆದುದರಿಂದಲೇ ಹಿರಿಯರು "ಕೇಳುತ್ತದೆ, ಆದರೆ ಎಂತ ಹೇಳುತ್ತಾರೆಂದು ಗೊತ್ತಾಗುವುದಿಲ್ಲ" ಎನ್ನುವುದು. ಯಕ್ಷಗಾನ ಹಾಕಿದರೆ ಚೆಂಡೆಯ ಪೆಟ್ಟು ಕಿವಿಗೆ ಬಡಿಯುತ್ತದೆ, ಅರ್ಥಗಾರಿಕೆಯ ಮಾತು ಹಿಡಿಯುವುದಿಲ್ಲ. ಶಬ್ದವನ್ನು ಹೆಚ್ಚಿಸಿದರೆ ಗದ್ದಲ ಹೆಚ್ಚುವುದೇ ಹೊರತು ಮಾತು ತಿಳಿಯಾಗುವುದಿಲ್ಲ.

ಇಂದಿನ ಟೆಲಿವಿಷನ್‌ಗಳು ತೆಳ್ಳಗಾದಷ್ಟೂ ಈ ತೊಂದರೆ ಹೆಚ್ಚು. ಸ್ಪೀಕರ್ ಇಡಲು ಮುಂಭಾಗದಲ್ಲಿ ಸ್ಥಳವಿಲ್ಲದೆ, ಬಹುತೇಕ ಯಂತ್ರಗಳಲ್ಲಿ ಅದು ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತದೆ. ಧ್ವನಿ ಗೋಡೆಗೆ ಬಡಿದು ಬಂದು ಇನ್ನಷ್ಟು ಮಸುಕಾಗುತ್ತದೆ. ಆದುದರಿಂದ ಹಣ ಮಿತವಾಗಿದ್ದಲ್ಲಿ ಪರದೆಯನ್ನು ಒಂದು ಅಳತೆ ಕಡಿಮೆ ಮಾಡಿ, ಉಳಿದ ಹಣದಿಂದ ಮುಂದಕ್ಕೆ ಮುಖಮಾಡಿದ ಒಂದು ಸಣ್ಣ ಸೌಂಡ್ ಬಾರನ್ನು ಕೊಳ್ಳುವುದು ಜಾಣತನ. ಮಾತನ್ನು ಎತ್ತಿ ತೋರಿಸುವ ಧ್ವನಿವ್ಯವಸ್ಥೆ ಅನೇಕ ಯಂತ್ರಗಳಲ್ಲಿ ಉಂಟು. ಅದು ಇದೆಯೇ ಎಂದು ಕೇಳಿ, ವಾರ್ತೆಯನ್ನು ಹಾಕಿಸಿ ಪರೀಕ್ಷಿಸಬೇಕು. ಇಯರ್‌ಫೋನ್ ಚುಚ್ಚುವ ತೂತು ಇದೆಯೇ, ಅಥವಾ ಬ್ಲೂಟೂತ್ ಇದೆಯೇ ಎಂಬುದನ್ನೂ ನೋಡಬೇಕು. ಹೀಗೆಲ್ಲ ಮಾಡಿದ ಮೇಲೂ ಮಾತು ತಿಳಿಯದಿದ್ದರೆ ಅದು ಅಂಗಡಿಯಲ್ಲಿ ಬಗೆಹರಿಯುವ ವಿಷಯವಲ್ಲ. ಕಿವಿಯ ವೈದ್ಯರಿಗೆ ತೋರಿಸತಕ್ಕದ್ದು. ಎಷ್ಟೋ ಮನೆಗಳಲ್ಲಿ ಹಿರಿಯರ ಕಿವಿ ಮಂದವಾದುದನ್ನು ಮೊದಲು ತಿಳಿಸುವುದು ಟೆಲಿವಿಷನ್ನಿನ ಗದ್ದಲವೇ.

ಎರಡನೆಯದು ಕೈ. ಅಂಗಡಿಯಲ್ಲಿ ಪರದೆಯ ಮುಂದೆ ಅರ್ಧ ಗಂಟೆ ನಿಲ್ಲುವ ನಾವು ರಿಮೋಟನ್ನು ಕೈಗೆತ್ತಿಕೊಂಡು ನೋಡುವುದೇ ಇಲ್ಲ. ಹಿರಿಯರು ದಿನವೂ ಮುಟ್ಟುವುದು ಅದನ್ನೇ. ಈಗಿನ ಶೋಕಿಯ ರಿಮೋಟುಗಳಲ್ಲಿ ಅಂಕೆಗಳೇ ಇಲ್ಲ. ಹತ್ತು ಹನ್ನೆರಡು ಗುಂಡಿಗಳು, ಅವುಗಳಲ್ಲಿ ನಾಲ್ಕು ಯಾವ ಯಾವುದೋ ಸಿನೆಮಾ ಕಂಪೆನಿಗಳವು, ಅವೂ ಶಬ್ದದ ಗುಂಡಿಗೆ ತಾಗಿಕೊಂಡೇ. ಬೆರಳು ನಡುಗುವವರಿಗೆ, ಸಂಧಿವಾತದವರಿಗೆ ಇದೊಂದು ಬಲೆ. ಅಂಕೆಗಳು ಇರಬೇಕು, ಗುಂಡಿಗಳು ಉಬ್ಬಿರಬೇಕು, ಒಂದಕ್ಕೊಂದು ದೂರವಿರಬೇಕು, ಶಬ್ದದ ಗುಂಡಿಯನ್ನು ಕತ್ತಲೆಯಲ್ಲಿ ತಡವಿ ಹುಡುಕುವಂತಿರಬೇಕು. ಅನೇಕ ರಿಮೋಟುಗಳಲ್ಲಿ 5ರ ಮೇಲೆ ಒಂದು ಚುಕ್ಕೆ ಉಬ್ಬಿರುತ್ತದೆ. ಅದು ಬೆರಳಿಗೆ ದಾರಿ ತೋರುವುದಕ್ಕಾಗಿಯೇ ಇರುವಂಥದ್ದು.

ಎರಡು ರಿಮೋಟುಗಳ ಗೊಂದಲವನ್ನು ಕೂಡಿದಷ್ಟು ಒಂದಕ್ಕೆ ಇಳಿಸಬೇಕು. ಸೆಟ್‌ಟಾಪ್ ಬಾಕ್ಸಿನ ಕೆಲವು ರಿಮೋಟುಗಳಿಗೆ ಟೆಲಿವಿಷನ್ ಹಚ್ಚುವ ಗುಂಡಿಯನ್ನು 'ಕಲಿಸಿ'ಕೊಡಬಹುದು. ಐದು ನಿಮಿಷದ ಕೆಲಸ, ಆದರೆ ಮಾಡಿಕೊಡುವವರಿಲ್ಲದೆ ಅದು ಎಷ್ಟೋ ಮನೆಗಳಲ್ಲಿ ಆಗಿಲ್ಲ. ಟೆಲಿವಿಷನ್ನಿನ ಒಳಗೇ ಉಪಗ್ರಹ ಟ್ಯೂನರ್ ಇರುವ ಯಂತ್ರಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನಕವನ್ನು ರೂಪಿಸಿದೆ. ಅಂಥ ಯಂತ್ರವಿದ್ದರೆ ಮಾಡಿನ ಮೇಲೆ ಒಂದು ಸಣ್ಣ ಡಿಶ್ ಇಟ್ಟು, ಪೆಟ್ಟಿಗೆಯ ಹಂಗಿಲ್ಲದೆ ದೂರದರ್ಶನದ ಉಚಿತ ವಾಹಿನಿಗಳನ್ನು ನೋಡಬಹುದು. ಚಂದನ ವಾಹಿನಿಯೂ ಅದರಲ್ಲಿ ಬರುತ್ತದೆ. ಖಾಸಗಿ ವಾಹಿನಿಗಳ ಧಾರಾವಾಹಿ ಬೇಕೆನ್ನುವವರಿಗೆ ಅದು ಸಾಲದು, ನಿಜ. ಆದರೆ ವಾರ್ತೆ, ಸಂಗೀತ, 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ಇಂಥವು ಸಾಕೆನ್ನುವವರಿಗೆ ಒಂದೇ ರಿಮೋಟಿನ ಸುಖ ದೊಡ್ಡದು.

ಮೂರನೆಯದು ಕಣ್ಣು. ಅರವತ್ತು ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು, ಇಪ್ಪತ್ತು ವರ್ಷದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಎನ್ನುತ್ತಾರೆ. ಪೊರೆ ಬರುತ್ತಿರುವ ಕಣ್ಣಿಗೆ ಕಿಟಕಿಯ ಬೆಳಕಿನ ಪ್ರತಿಬಿಂಬವೂ ದೊಡ್ಡ ಶತ್ರು. ಕನ್ನಡಿಯಂತೆ ಹೊಳೆಯುವ ಪರದೆ ಅಂಗಡಿಯಲ್ಲಿ ಚಂದ. ಕಿಟಕಿಯ ಎದುರಿಗೆ ಇಟ್ಟರೆ ಅದರಲ್ಲಿ ಕಾಣುವುದು ನಮ್ಮ ಅಂಗಳದ ತೆಂಗಿನ ಮರವೇ. ಇನ್ನು ಅಳತೆಯ ಮಾತು. ಕುಳಿತುಕೊಳ್ಳುವ ದೂರವು ಪರದೆಯ ಕರ್ಣದ ಅಳತೆಯ ಒಂದೂವರೆಯಿಂದ ಎರಡೂವರೆ ಪಟ್ಟಿನಷ್ಟಿದ್ದರೆ ಹಿತವೆಂಬುದು ರೂಢಿಯ ಲೆಕ್ಕ. 43 ಇಂಚೆಂದರೆ 109 ಸೆಂ.ಮೀ.; ಎಂಟು ಅಡಿ ದೂರದಲ್ಲಿ ಕುಳಿತುಕೊಳ್ಳುವವರಿಗೆ ಅದು ಧಾರಾಳವಾಗಿ ಸಾಕು. ಮೊದಲು 32 ಇಂಚಿಗಿಂತ ದೊಡ್ಡ ಯಂತ್ರಗಳಿಗೆ ಜಿ.ಎಸ್.ಟಿ. ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅವುಗಳಿಗೂ ಶೇಕಡಾ 18 ಆಗಿದೆ. ಆದುದರಿಂದ ತೆರಿಗೆಗೆ ಹೆದರಿ ತೀರ ಚಿಕ್ಕದನ್ನು ಕೊಳ್ಳಬೇಕಾಗಿಲ್ಲ. ಪ್ರತಿಷ್ಠೆಗಾಗಿ ದೊಡ್ಡದನ್ನೂ ಕೊಳ್ಳಬೇಕಾಗಿಲ್ಲ. ಅವರು ಕುಳಿತಷ್ಟೇ ದೂರದಿಂದ ಕನ್ನಡ ವಾರ್ತೆಯ ಅಡಿಯಲ್ಲಿ ಓಡುವ ಅಕ್ಷರಗಳನ್ನು ಓದಲು ಬಂದರೆ ಅದೇ ಸರಿಯಾದ ಅಳತೆ.

ಎತ್ತರದ ವಿಷಯದಲ್ಲಿಯೂ ನಾವು ಎಡವುತ್ತೇವೆ. ಗೋಡೆಯ ಮೇಲೆ ದೇವರ ಪಟದ ಎತ್ತರಕ್ಕೆ ತೂಗುಹಾಕಿದರೆ ಕುತ್ತಿಗೆ ನೋಯುತ್ತದೆ. ತೀರ ಕೆಳಗಿಟ್ಟರೆ ಎರಡು ಭಾಗದ ಕನ್ನಡಕ ಹಾಕುವವರು, ಓದುವುದಕ್ಕಾಗಿ ಇರುವ ಕೆಳಗಿನ ಗಾಜಿನ ಮೂಲಕ ದೂರವನ್ನು ನೋಡಬೇಕಾಗಿ ಎಲ್ಲವೂ ಮಸುಕಾಗುತ್ತದೆ. ಕುಳಿತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರುವಂತಿರಬೇಕು. ವಯರುಗಳು ನಡೆದಾಡುವ ದಾರಿಗೆ ಅಡ್ಡ ಬರಬಾರದು. ಈ ವಯಸ್ಸಿನಲ್ಲಿ ಒಂದು ಸಲ ಬಿದ್ದರೆ ಎಷ್ಟು ತಿಂಗಳು ಹಾಸಿಗೆಯೋ ಹೇಳಲಾಗದು.

ನಾಲ್ಕನೆಯದು ನಮ್ಮ ಊರಿನದೇ ಆದ ಪರೀಕ್ಷೆ, ಗುಡುಗು ಮತ್ತು ಕರೆಂಟು. ವರ್ಷಕ್ಕೆ 3,500 ಮಿ.ಮೀ.ಗಿಂತಲೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಮಳೆಗಾಲದ ಮೊದಲು ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರದಲ್ಲಿ ಸಿಡಿಲಿನ ಕಾಟ. ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದು ಪ್ರತಿ ಮನೆಯ ಕ್ರಮ. ಆ ಪ್ಲಗ್ ಮೇಜಿನ ಹಿಂದೆ ನೆಲದ ಹತ್ತಿರವಿದ್ದರೆ ಮುದುಕರು ಬಗ್ಗುವುದು ಹೇಗೆ? ಅದನ್ನು ಸೊಂಟದ ಎತ್ತರಕ್ಕೆ ತರಿಸಬೇಕು. ಕರೆಂಟು ಹೋಗಿ ಬಂದ ಮೇಲೆ ಟೆಲಿವಿಷನ್ ಎಲ್ಲಿಗೆ ಬಂದು ನಿಲ್ಲುತ್ತದೆ? ಮೊದಲು ನೋಡುತ್ತಿದ್ದ ವಾಹಿನಿಗೋ, ಅಥವಾ ಹಿಮದ ಬೆಟ್ಟಕ್ಕೋ? ಇದನ್ನು ಅಂಗಡಿಯಲ್ಲಿಯೇ ಪ್ಲಗ್ ಕಿತ್ತು, ಮತ್ತೆ ಹಾಕಿಸಿ ನೋಡಬೇಕು. ಹಚ್ಚಿದೊಡನೆ ನೇರವಾಗಿ ಸೆಟ್‌ಟಾಪ್ ಬಾಕ್ಸಿಗೆ ಹೋಗುವಂತೆ ಗೊತ್ತುಮಾಡುವ ಸೌಕರ್ಯ ಕೆಲವು ಯಂತ್ರಗಳಲ್ಲಿ ಉಂಟು, ಕೆಲವುಗಳಲ್ಲಿ ಇಲ್ಲ. ನನ್ನ ಅಜ್ಜಿಯ ಎರಡೂವರೆ ಗಂಟೆಯನ್ನು ತಿಂದದ್ದು ಈ ಒಂದು ಸಣ್ಣ ಸೌಕರ್ಯದ ಅಭಾವ.

ಇಷ್ಟೆಲ್ಲ ಆದ ಮೇಲೆ ನಾವು ಅಜ್ಜಿಯನ್ನೇ ಕರೆದುಕೊಂಡು ಊರಿನ ಒಂದು ಅಂಗಡಿಗೆ ಹೋದೆವು. ಅಲ್ಲಿ ಕಂಡದ್ದನ್ನು ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಅಜ್ಜಿ, "ಇದರ ಶಬ್ದ ಎಲ್ಲಿಂದ ಬರುವುದು?" ಎಂದು ಕೇಳಿದರು. ಮಾರುವ ಯುವಕ ಬಹಳ ಮರ್ಯಾದೆಯವನು. ಆದರೆ ಉತ್ತರ ಹೇಳಿದ್ದು ನನ್ನ ಮುಖ ನೋಡಿ. ಅವರು ಮತ್ತೆ ಕೇಳಿದರು. ಅವನು ಮತ್ತೆ ನನಗೆ ಹೇಳಿದನು. ಮೂರನೆಯ ಸಲ ಅವರು ಕೇಳಲಿಲ್ಲ. ನಾನು, "ನೋಡುವವರು ಅವರು, ಅವರಿಗೆ ಹೇಳಿ" ಎಂದೆ. ಅವನಿಗೆ ನಾಚಿಕೆಯಾಯಿತು. ನಿಜವಾಗಿ ನಾಚಬೇಕಾದವನು ನಾನು. ಎಪ್ರಿಲಿನಲ್ಲಿ ನಾನು ಒಂದು ಪ್ರಶ್ನೆಯನ್ನೂ ಅವರಲ್ಲಿ ಕೇಳದೆಯೇ ಆರಿಸಿದ್ದೆನಲ್ಲ! ಆಮೇಲೆ ಆ ಯುವಕನು ಒಂದು ಕುರ್ಚಿ ತಂದು ಹಾಕಿ, ಅವರನ್ನು ಕೂರಿಸಿ, ರಿಮೋಟನ್ನು ಕೈಗೆ ಕೊಟ್ಟನು. ಅವರು ಮೂರು ಯಂತ್ರಗಳನ್ನು ತಳ್ಳಿಹಾಕಿ ನಾಲ್ಕನೆಯದನ್ನು ಒಪ್ಪಿದರು. 43 ಇಂಚಿನದು, ನಾವು ತಂದದ್ದಕ್ಕಿಂತ ಅಗ್ಗದ್ದು. ರಿಮೋಟಿನಲ್ಲಿ ಅಂಕೆಗಳಿದ್ದವು. ಮಾವನ ಉಡುಗೊರೆ ಈಗ ಒಳಕೋಣೆಯಲ್ಲಿದೆ. ಅದನ್ನು ನಾವು ನೋಡುತ್ತೇವೆ.

ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಹೊಸದನ್ನು ಕಲಿಯುವುದರಿಂದ ಹಿರಿಯರ ಬುದ್ಧಿ ಚುರುಕಾಗಿರುತ್ತದೆ, ಎಲ್ಲವನ್ನೂ ಸುಲಭ ಮಾಡಿಕೊಟ್ಟು ಅವರನ್ನು ಮಕ್ಕಳಂತೆ ಕಾಣುವುದು ಸರಿಯೇ ಎಂಬುದು ಒಂದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಇಂಟರ್‌ನೆಟ್ಟಿನ ಮೂಲಕ ಹಳೆಯ ತಾಳಮದ್ದಳೆಗಳನ್ನು ಹುಡುಕಿ ಕೇಳುವ ಹಿರಿಯರನ್ನು ನಾನೂ ಬಲ್ಲೆ. ನನ್ನ ಅಜ್ಜಿಯೂ ಈಗ ವಾರಕ್ಕೊಮ್ಮೆ ನನ್ನೊಡನೆ ಕುಳಿತು ಅದನ್ನು ಕಲಿಯುತ್ತಿದ್ದಾರೆ. ಆದರೆ ಕಲಿಯುವುದು ಅವರ ಇಷ್ಟವಾಗಿರಬೇಕು. ವಾರ್ತೆ ನೋಡಬೇಕಾದರೆ ಪಾಸಾಗಬೇಕಾದ ಪರೀಕ್ಷೆಯಾಗಬಾರದು. ಸ್ಮಾರ್ಟ್ ಸೌಕರ್ಯಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವು ಒಳಗಿರಲಿ, ಬಾಗಿಲಿಗೆ ಅಡ್ಡ ನಿಲ್ಲದಿರಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಹಿರಿಯರಿಗೆ ಬೇಕಾದದ್ದು ಟೆಲಿವಿಷನ್ ಅಲ್ಲ, ಮನುಷ್ಯರು. ಒಳ್ಳೆಯ ಯಂತ್ರವನ್ನು ಕೊಟ್ಟು ನಾವು ನಮ್ಮ ಕರ್ತವ್ಯದಿಂದ ಪಾರಾಗಲು ನೋಡುತ್ತೇವೆ ಎಂಬುದು. ನಮ್ಮ ಅಧ್ಯಾಪಕರೊಬ್ಬರು ಈ ಮಾತನ್ನು ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ಣವಾದ ಉತ್ತರ ನನ್ನಲ್ಲಿಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ. ಯಂತ್ರ ತನ್ನ ಕೈಗೆ ಬಗ್ಗದಿದ್ದ ದಿನಗಳಲ್ಲಿ ಅಜ್ಜಿ ಸಂಜೆ ನಮ್ಮೊಡನೆ ಆಡುತ್ತಿದ್ದ ಮಾತೂ ಕಡಿಮೆಯಾಗಿತ್ತು. ಈಗ ನಾವು ಬಂದೊಡನೆ, ಕುಡ್ಲದ ಯಾವ ರಸ್ತೆಯಲ್ಲಿ ನೀರು ನಿಂತಿದೆ, ವಾರ್ತೆಯಲ್ಲಿ ಯಾರು ಏನೆಂದರು ಎಂದು ಅವರೇ ಮಾತು ತೆಗೆಯುತ್ತಾರೆ. ನಾಲ್ಕು ವಿಷಯ ತಿಳಿದವರಾಗಿ ಮನೆಯವರ ನಡುವೆ ಕುಳಿತುಕೊಳ್ಳುವುದಕ್ಕೂ, ಏನೂ ತಿಳಿಯದೆ ಸುಮ್ಮನೆ ಕುಳಿತುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಯಂತ್ರ ನಮ್ಮ ಬದಲಿಗೆ ನಿಲ್ಲಲಾರದು, ಸರಿ. ಆದರೆ ಅವರ ಮರ್ಯಾದೆಯನ್ನು ಅದು ಉಳಿಸಲೂ ಬಲ್ಲದು, ಕಳೆಯಲೂ ಬಲ್ಲದು.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಸಣ್ಣ ಕೋರಿಕೆ. ಈ ರಜೆಯಲ್ಲಿ ಒಂದು ದಿನ ನಿಮ್ಮ ಮನೆಯ ಹಿರಿಯರ ಕೈಗೆ ರಿಮೋಟನ್ನು ಕೊಟ್ಟು ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಿ. ನೀವು ಮುಟ್ಟಬೇಡಿ, ಅವಸರಪಡಿಸಬೇಡಿ, "ಅದಲ್ಲ, ಇದು" ಎನ್ನಬೇಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಗುಂಡಿಗೆ ಹೆದರುತ್ತದೆ ಎಂಬುದನ್ನು ಮಾತ್ರ ನೋಡಿ. ಹೊಸ ಟೆಲಿವಿಷನ್ ಬೇಕೇ, ಅಥವಾ ಇದ್ದುದರಲ್ಲಿಯೇ ಐದು ನಿಮಿಷದ ಒಂದು ಸರಿಪಡಿಸುವಿಕೆ ಸಾಕೇ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಕೊಳ್ಳಲೇಬೇಕಾಗಿ ಬಂದರೆ ಅವರನ್ನು ಕರೆದುಕೊಂಡು ಹೋಗಿ. ಅಂಗಡಿಯವರಿಂದ ಒಂದು ಕುರ್ಚಿಯನ್ನು ಕೇಳಿ ಪಡೆಯಿರಿ.